ಜೀಪಿನ ಹಿಂದಿನ ಸೀಟಿನ ಡಾಕ್ಟರು

ನಮ್ಮ ಮೊಮ್ಮಗಳು ಲಾವಣ್ಯ ಡಾಕ್ಟರಾಗಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಕೈ ಹೋಗುವುದಿಲ್ಲ. ನಾನು ಓದಿದ್ದು ಐದನೇ ಕ್ಲಾಸು. ನಮ್ಮಪ್ಪನದು ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಸಂಬಳಕ್ಕೆಂದು ಆಸ್ಪತ್ರೆಯ ಬಾಗಿಲು ದಾಟಿದವನು ನಾನೇ ಮೊದಲು, ಅದೂ ಡ್ರೈವರಾಗಿ. ಈಗ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ನಮ್ಮ ಮನೆಯ ಕೂಸು ಅಂಥದೇ ಬಾಗಿಲು ದಾಟುತ್ತಿದೆ. ಟೀ ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬೆಂಚಿನ ಮೇಲೆ ಕೂತ ಕೂಡಲೇ ಅಂಗಡಿಯವನು, "ಗೊತ್ತು ಕನ್ ತಾತ, ಡಾಕ್ಟ್ರು ಆದ್ಲು. ಟೀ ಕುಡಿ, ಆರೋಯ್ತದೆ" ಅನ್ನುತ್ತಾನೆ. ಅದಕ್ಕೇ ಕಾಗದಕ್ಕೆ ಬಂದೆ. ಕಾಗದ ಸಾಕು ಅನ್ನುವುದಿಲ್ಲ.

ಆಸ್ಪತ್ರೆಯ ಗಾಡಿ ಓಡಿಸಲು ಹೊಸದಾಗಿ ಸೇರುವ ಹುಡುಗರು ಇದನ್ನು ಓದಲಿ. ಡಾಕ್ಟರ್ ಓದು ಮುಗಿಸಿ, ಮುಂದೆ ಯಾವ ಡಾಕ್ಟರಾಗಲಿ ಎಂದು ಊಟ ಬಿಟ್ಟು ಕೂತಿರುವ ಮಕ್ಕಳೂ ಓದಲಿ. ನಮ್ಮ ಲಾವಣ್ಯಳೂ ಹಾಗೇ ಕೂತಿದ್ದಳು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮೂರು ಬೈರಮಂಗಲದ ಕೆರೆಯ ಆಚೆ ದಡದಲ್ಲಿದೆ. ಮಗ ಶಿವರಾಜು ರೇಷ್ಮೆ ಹುಳು ಸಾಕಿ ರಾಮನಗರದ ಮಾರುಕಟ್ಟೆಗೆ ಗೂಡು ಹಾಕುತ್ತಾನೆ. ಲಾವಣ್ಯ ಅವನ ಮಗಳು. ಐದೂವರೆ ವರ್ಷ ಓದಿ ಡಾಕ್ಟರಾದ ಮೇಲೆ ಇನ್ನೊಂದು ಪರೀಕ್ಷೆ ಬರೆದಳು. ರ್‍ಯಾಂಕು ಚೆನ್ನಾಗಿಯೇ ಬಂತು. ಇನ್ನೇನು ಮುಗಿಯಿತು ಅಂದುಕೊಂಡರೆ, ನಿಜವಾದ ಪೇಚು ಆಮೇಲೆ ಹತ್ತಿಕೊಂಡಿತು. ಮೂಳೆ ಡಾಕ್ಟರೋ, ಹೆರಿಗೆ ಡಾಕ್ಟರೋ, ಮಕ್ಕಳ ಡಾಕ್ಟರೋ, ಸ್ಕ್ಯಾನಿಂಗ್ ಡಾಕ್ಟರೋ, ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ಮೇಲಿಂದ ಕೆಳಗೆ ತುಂಬಬೇಕು. ಕೊನೆಯ ದಿನ ಸಂಜೆ ಆರಕ್ಕೆ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೆ ತಿದ್ದುವಂತಿಲ್ಲ. ಬಂದ ಸೀಟಿನಲ್ಲಿ ಮೂರು ವರ್ಷ ಓದಬೇಕು, ಆಮೇಲೆ ಬದುಕೆಲ್ಲ ಅದೇ ಕೆಲಸ.

ಆ ದಿನ ಮಧ್ಯಾಹ್ನ ಕೂಸಿನ ತಟ್ಟೆಯಲ್ಲಿ ಮುದ್ದೆ ಹಾಗೇ ಕೂತಿತ್ತು. ಮನೆಯವರೆಲ್ಲ ಸುತ್ತ ಕೂತು ಉಪದೇಶ ಮಾಡುತ್ತಿದ್ದೆವು.

ನನ್ನ ಹೆಂಡತಿ ನಿಂಗಮ್ಮ, "ಹೆರಿಗೆ ಡಾಕ್ಟ್ರು ಆಗವ್ವ. ಹೆಣ್ಣುಮಕ್ಳು ಕೈ ಮುಗೀತಾರೆ, ಮನೆಗೆ ಒಬ್ಬಟ್ಟು ತಂದ್ಕೊಡ್ತಾರೆ" ಅಂದಳು.

ಶಿವರಾಜು, "ಒಬ್ಬಟ್ಟು ತಿಂದು ಬದುಕಾಕಾಯ್ತದಾ? ಸ್ಕ್ಯಾನಿಂಗ್ ಹಾಕು ಮಗ. ಏಸಿ ರೂಮು, ತಂಪಾಗಿ ಕುಂತ್ಕೊಂಡು ಕೆಲಸ. ರಾಮನಗರದಾಗೆ ನಮ್ದೇ ಬೋರ್ಡು ನೇತಾಕ್ಬೋದು" ಅಂದ.

ನನ್ನ ಆಸೆ ಮೂಳೆ ಡಾಕ್ಟರದು. "ಹೆಣ್ಣುಡುಗಿ ಸುತ್ತಿಗೆ ಹಿಡೀತದಾ?" ಎಂದು ನಿಂಗಮ್ಮ ಕೇಳಿದಳು. "ನೀನು ಒನಕೆ ಹಿಡಿದಿಲ್ವಾ?" ಅಂದೆ.

ಕೂಸು ತಟ್ಟೆಯನ್ನು ಪಕ್ಕಕ್ಕೆ ಸರಿಸಿತು. "ಎಲ್ರೂ ಏನಾಗ್ಬೇಕು ಅಂತ ಹೇಳ್ತೀರ. ಆದ್ಮೇಲೆ ದಿನಾ ಹೆಂಗಿರ್ತದೆ ಅಂತ ಯಾರೂ ಹೇಳಲ್ಲ. ಹೌಸ್ ಸರ್ಜನ್ಸೀಲಿ ಎಲ್ಲಾ ವಾರ್ಡಲ್ಲೂ ಇದ್ದೆ, ಆದ್ರೆ ನೆಂಟ್ರ ಮನೇಲಿ ಇದ್ದಂಗೆ, ಒಂದೊಂದ್ರಲ್ಲಿ ಒಸಿ ಒಸಿ ದಿನ. ತಾತ, ನೀನು ಸರ್ವೀಸ್ ಪೂರ್ತಿ ಡಾಕ್ಟ್ರುಗಳ ಜೊತೇಲೇ ಇದ್ದೆ. ನೀನು ಕಂಡಿದ್ದು ಹೇಳು. ಆಮೇಲೆ ನಾನು ತುಂಬ್ತೀನಿ."

ನನ್ನ ಬಾಯಿ ಮುಚ್ಚಿಸುವುದು ಕಷ್ಟ. ತೆರೆಸುವುದಕ್ಕೆ ಇಷ್ಟು ಸಾಕಿತ್ತು. ಜಗಲಿಗೆ ಬಂದು ಕೂತೆವು.

ಮೊದಲು ನನ್ನ ಕೆಲಸ ಏನಿತ್ತು ಎಂದು ಹೇಳಬೇಕು. ಆಗ ನಮ್ಮ ಕಡೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರಿನ ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡುವ ಡಾಕ್ಟರುಗಳಿದ್ದರು. ಮಾಡಿಸಿಕೊಳ್ಳುವವರನ್ನು ನಿದ್ದೆಗೆ ಹಾಕುವ ಡಾಕ್ಟರು ಮಾತ್ರ ಒಬ್ಬರೇ. ಪುಸ್ತಕದಲ್ಲಿ ಅರಿವಳಿಕೆ ತಜ್ಞರು ಅನ್ನುತ್ತಾರೆ. ನಮ್ಮ ಜನಕ್ಕೆ ಅವರು ಮತ್ತಿನ ಡಾಕ್ಟರು. ವಿಮಲಾ ಮೇಡಂ ಎಂದು ಹೆಸರು, ರಾಮನಗರದಲ್ಲಿ ಮನೆ. ಯಾವ ಊರಿನಲ್ಲಿ ಆಪರೇಷನ್ನಿದ್ದರೂ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಮುಗಿದ ಮೇಲೆ ಇನ್ನೊಂದು ಊರಿಗೆ ಮುಟ್ಟಿಸುವುದೇ ನನ್ನ ಕೆಲಸ.

ಅದಕ್ಕೊಂದು ಕ್ರಮವಿತ್ತು. ಡಾಕ್ಟರು ಮುಂದೆ, ಸಾಮಾನು ಹಿಂದೆ ಎಂದು ನೀವು ಅಂದುಕೊಳ್ಳುತ್ತೀರಿ. ನಮ್ಮಲ್ಲಿ ತಿರುಗಾಮುರುಗಾ. ಮುಂದಿನ ಸೀಟು ಔಷಧಿ ಪೆಟ್ಟಿಗೆಯದು. ಜೀಪಿನ ಹಿಂಭಾಗ ಗುಂಡಿಗೆ ಬಿದ್ದರೆ ಮೇಕೆಯ ಹಾಗೆ ನೆಗೆಯುತ್ತದೆ, ಬಾಟಲಿಗಳು ಒಡೆದುಹೋಗುತ್ತವೆ. ಮುಂದಿನ ಸೀಟಿನ ಮೇಲೆ ಕಂಬಳಿ ಮಡಿಸಿ, ಅದರ ಮೇಲೆ ಪೆಟ್ಟಿಗೆಯಿಟ್ಟು, ಹಗ್ಗದಿಂದ ಬಿಗಿಯುತ್ತಿದ್ದೆ. ಮೇಡಂ ಹಿಂದಿನ ಉದ್ದ ಸೀಟಿನಲ್ಲಿ ಸೆರಗು ಹೊದ್ದು ಮಲಗಿಬಿಡುತ್ತಿದ್ದರು. "ನಾನು ಒಡೆಯೋದಿಲ್ಲ ಬೋರಯ್ಯ, ಪೆಟ್ಟಿಗೆ ನೋಡ್ಕೊಳ್ಳಿ" ಅನ್ನುವರು. ಗಾಡಿ ಓಡಿಸುವ ಹುಡುಗರೇ, ಇದನ್ನು ನೆನಪಿಡಿ. ಬೇಗ ಮುಟ್ಟಿಸುವುದಷ್ಟೇ ಕೆಲಸವಲ್ಲ. ಮುಟ್ಟಿದಾಗ ಒಳಗಿರುವುದೆಲ್ಲ ಇಡಿಯಾಗಿರಬೇಕು.

ನನಗೆ ಮೆಚ್ಚಿನ ಮೂಳೆ ಡಾಕ್ಟರಿಂದಲೇ ಶುರು ಮಾಡಿದೆ. ರಾಮನಗರದಲ್ಲಿದ್ದವರು, ಆನೆಯಂಥ ಆಳು. ಒಂದು ಬೆಳಿಗ್ಗೆ ಸಾವನದುರ್ಗದ ಬುಡದ ಹಳ್ಳಿಯಿಂದ ಒಬ್ಬ ಮುದುಕನನ್ನು ಎತ್ತಿಕೊಂಡು ಬಂದರು. ಮೇಕೆ ಮೇಯಿಸುವಾಗ ಬಂಡೆಯಿಂದ ಜಾರಿ ತೊಡೆ ಮೂಳೆ ಮುರಿದಿತ್ತು. ಊರಿನಲ್ಲೇ ಬಿದಿರು ದಬ್ಬೆ ಇಟ್ಟು ಕಟ್ಟು ಹಾಕಿಸಿ, ವಾಸಿಯಾಗದ ಮೇಲೆ ತಂದಿದ್ದರು.

"ಏನು ಮೆತ್ತಿದ್ದೀರಯ್ಯಾ ಇದಕ್ಕೆ?" ಎಂದು ಡಾಕ್ಟರು ಕೇಳಿದರು.

"ಮೊಟ್ಟೆ, ಉದ್ದಿನಿಟ್ಟು ಸಾ."

"ಒಂದೆರಡು ಹಸಿಮೆಣಸಿನಕಾಯಿ ಹಾಕಿದ್ದಿದ್ದರೆ ವಡೆಯಾದರೂ ಆಗೋದು. ಕಾಲು ಆಗಲ್ಲ."

ಮುದುಕನಿಗೆ ನಗು ಬರಲಿಲ್ಲ. ಅವನಿಗೆ ಜೀವಭಯ. ನಿದ್ದೆಗೆ ಹಾಕಿದರೆ ಏಳುವುದಿಲ್ಲ ಎಂದು ಟೇಬಲ್ಲಿನಿಂದ ಇಳಿಯಲು ಹೋದನಂತೆ. ಒಳಗಿನ ಆಯಾ ನನಗೆ ಆಮೇಲೆ ಹೇಳಿದಳು. ಮೇಡಂ ಅವನ ತಲೆಯ ಹತ್ತಿರ ನಿಂತು, "ನಿಮ್ಮ ಮೇಕೆಗಳಿಗೆ ಹೆಸರಿಟ್ಟಿದ್ದೀರಾ?" ಎಂದು ಕೇಳಿದರಂತೆ. ಅವನು ಒಂದೊಂದಾಗಿ ಹೇಳತೊಡಗಿದ. ಕೆಂಚಿ, ಕರಿಯ, ಸೊಟ್ಟಕೊಂಬಿ, ಚುಕ್ಕಿ. ಚುಕ್ಕಿಯ ಗುಣಗಾನ ಮಾಡುತ್ತ ಮಾಡುತ್ತಲೇ ನಿದ್ದೆಹೋದ. ಆಮೇಲೆ ಮೂಳೆ ಡಾಕ್ಟರು ಹಾಡು ಗುನುಗುತ್ತ ಸುತ್ತಿಗೆ ಹಿಡಿದರು. ಬಡಿಯುವ ಶಬ್ದ ಜೀಪಿನವರೆಗೆ ಕೇಳುತ್ತಿತ್ತು.

ಕೆಲವು ತಿಂಗಳಿಗೆ ಆ ಮುದುಕ ತನ್ನ ಕಾಲ ಮೇಲೆ ನಡೆದುಕೊಂಡು ಬಂದ. ಡಾಕ್ಟರಿಗೆ ಕಾಣಿಕೆಯಾಗಿ ಒಂದು ಮೇಕೆಮರಿ ತಂದಿದ್ದ. ಡಾಕ್ಟರು ಬೇಡವೆಂದರೂ ಕೇಳದೆ ಅವರ ಕುರ್ಚಿಯ ಕಾಲಿಗೇ ಕಟ್ಟಿಬಿಟ್ಟ. ಅದು ಮೇಜಿನ ಮೇಲಿದ್ದ ಕಾಗದ ಮೇಯತೊಡಗಿತು. ಇಡೀ ಆಸ್ಪತ್ರೆ ಸೇರಿ ನಗುತ್ತಿತ್ತು. ಆ ದಾರಿಯಲ್ಲೇ ಹೋಗುತ್ತಿದ್ದ ಮೇಡಂ ನಿಂತು ಮರಿಯ ಬೆನ್ನು ಸವರಿ, "ಇದು ಚುಕ್ಕಿ ಮರಿಯಾ?" ಎಂದು ಕೇಳಿದರು.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಔದು ಕನವ್ವ. ನಮ್ ಚುಕ್ಕಿ ನಿಂಗೆಂಗೆ ಗೊತ್ತು? ಯಾರವ್ವ ನೀನು?"

ಮೇಡಂ ನಕ್ಕು ಜೀಪಿಗೆ ಬಂದು ಹತ್ತಿದರು. ನಾನು ದಾರಿಯುದ್ದಕ್ಕೂ ಆ ಮೂಳೆ ಡಾಕ್ಟರನ್ನೇ ಹೊಗಳಿದೆ. ಕಥೆ ಕೇಳಿದ ಕೂಸಿಗೂ, "ನೋಡಿದ್ಯಾ ಮಗ, ಬಿದ್ದವನನ್ನು ನಡೆಸೋದು ಅಂದ್ರೆ ಅದು" ಅಂದೆ. ಕೂಸು "ಹ್ಞೂಂ" ಅಂದಿತು, ಅಷ್ಟೇ.

ಅಷ್ಟರಲ್ಲಿ ನಿಂಗಮ್ಮ ಅವರೆಕಾಯಿ ಮೊರ ಹಿಡಿದು ಬಂದು ಕೂತಳು. "ಮೂಳೆ ಆಯ್ತಲ್ಲ. ನಮ್ ಹೆರಿಗೇದು ಹೇಳಿ" ಅಂದಳು.

ಹೆರಿಗೆಯದು ಕನಕಪುರದ ಕಥೆ. ದೊಡ್ಡಆಲಹಳ್ಳಿ ಕಡೆಯ ಒಬ್ಬ ಸೊಸೆ, ಚೊಚ್ಚಲು. ಮಗು ಅಡ್ಡ ತಿರುಗಿತ್ತು. ಫೋನು ಬಂದಾಗ ಮೇಡಂ ಮಾಗಡಿಯಲ್ಲಿ ಒಂದು ಆಪರೇಷನ್ ಮುಗಿಸಿ ಕಾಫಿ ಲೋಟ ಕೈಗೆ ತೆಗೆದುಕೊಂಡಿದ್ದರು. ಲೋಟ ಹಾಗೇ ಇಟ್ಟು ಬಂದು ಹತ್ತಿದರು. ಆಗಿನ ರಸ್ತೆ ಈಗಿನ ಹಾಗಿರಲಿಲ್ಲ. ಆವತ್ತು ಮಾತ್ರ ಅವರು ಹಿಂದೆ ಮಲಗಲಿಲ್ಲ. ನನ್ನ ಸೀಟಿನ ಹಿಂಬದಿ ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದರು. ಬೇಗ ಹೋಗಿ ಎಂದು ಒಂದು ಸಲವೂ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ನಾವು ಮುಟ್ಟುವಾಗ ಹೆರಿಗೆ ಡಾಕ್ಟರಮ್ಮ ಕೈಗವಸು ಹಾಕಿ ನಿಂತಿದ್ದರು. ಒಳ್ಳೆಯ ಕೈ ಅವರದು. ಸ್ವಲ್ಪ ಹೊತ್ತಿಗೇ ಒಳಗಿಂದ ಮಗು ಅತ್ತಿತು. ಅತ್ತೆಯಾದವಳು ಅಲ್ಲೇ ನೆಲಕ್ಕೆ ಕೂತು ಕಣ್ಣೊರೆಸಿಕೊಂಡಳು. ಮಗುವಿಗೆ ಹೆರಿಗೆ ಡಾಕ್ಟರಮ್ಮನ ಹೆಸರನ್ನೇ ಇಟ್ಟರು. ಹನ್ನೊಂದನೇ ದಿನಕ್ಕೆ ಪುಟ್ಟಿ ತುಂಬ ಒಬ್ಬಟ್ಟು ಬಂತು. ಡಾಕ್ಟರಮ್ಮನಿಗೆ ಸೀರೆ, ಸಿಸ್ಟರುಗಳಿಗೆ ಕುಪ್ಪಸದ ಕಣ. ಡ್ರೈವರಾದ ನನಗೂ ಎಲೆ ಅಡಿಕೆಯ ಜೊತೆ ಎರಡು ಒಬ್ಬಟ್ಟು ಸಿಕ್ಕಿತು.

"ಮೇಡಂಗೆ?" ಎಂದು ಲಾವಣ್ಯ ಕೇಳಿದಳು.

"ಅವರು ಜೀಪಿನಲ್ಲಿ ಮಲಗಿದ್ರು ಮಗ. ಚನ್ನಪಟ್ಟಣಕ್ಕೆ ಹೊತ್ತಾಗಿತ್ತು. ನನ್ನದ್ರಲ್ಲಿ ಒಂದು ಕೊಟ್ಟೆ. 'ತುಪ್ಪ ಜಾಸ್ತಿ ಹಾಕಿದ್ದಾರೆ ಬೋರಯ್ಯ' ಅಂತ ತಿಂದ್ರು."

"ಅದೇ ಕನವ್ವ ನಾನು ಹೇಳಿದ್ದು, ಹೆರಿಗೆ ಡಾಕ್ಟ್ರಿಗೆ ಒಬ್ಬಟ್ಟು ತಪ್ಪಲ್ಲ" ಎಂದು ನಿಂಗಮ್ಮ ಗೆದ್ದವಳ ಹಾಗೆ ಅವರೆಕಾಯಿ ಸುಲಿದಳು.

ಶಿವರಾಜು ಹುಳುವಿನ ಮನೆಯಿಂದಲೇ ಕೂಗಿದ. "ಸ್ಕ್ಯಾನಿಂಗ್‌ದೂ ಹೇಳಪ್ಪೋ, ಪಕ್ಷಪಾತ ಮಾಡ್ಬೇಡ."

ಹೇಳಿದೆ. ಸ್ಕ್ಯಾನಿಂಗ್ ಡಾಕ್ಟರು ಬಂದ ಮೇಲೆ ಆಸ್ಪತ್ರೆಯ ಚಹರೆಯೇ ಬದಲಾಯಿತು. ಮೊದಲು ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಕುಯ್ದ ಮೇಲೆ ಏನಿದೆಯೋ ಅದು ಎಂಬಂತಿತ್ತು. ಈಗ ಕತ್ತಲ ಕೋಣೆಯಲ್ಲಿ ಕೂತವರು ಒಳಗಿನ ಕಲ್ಲನ್ನು ಹೊರಗಿನಿಂದಲೇ ಕಂಡುಹಿಡಿಯುತ್ತಾರೆ. ಎಷ್ಟೋ ಜನ ಸುಮ್ಮನೆ ಕುಯ್ಯಿಸಿಕೊಳ್ಳುವುದು ತಪ್ಪಿತು. ದೊಡ್ಡ ವಿದ್ಯೆ ಅದು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಜನ ಕೈ ಮುಗಿಯುವುದು ಯಂತ್ರಕ್ಕೆ. ಒಬ್ಬ ಅಜ್ಜಿಯಂತೂ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋಗಿ ಹೊರಗೆ ಹಾಕಿಸಿಕೊಂಡಳು. "ಮಿಸಿನ್ನಿಗೆ ಹಬ್ಬ ಇಲ್ವಾ?" ಎಂದು ಬಾಗಿಲಲ್ಲಿ ನಿಂತು ಜಗಳವಾಡಿದಳು. ಆ ಗಲಾಟೆಗೆ ಎಚ್ಚರವಾಗಿ ಮೇಡಂ ಜೀಪಿನಿಂದ ತಲೆ ಹೊರಗೆ ಹಾಕಿ, "ಆಯುಧಪೂಜೆ ದಿನ ಬನ್ನಿ ಅಜ್ಜಿ, ನಮ್ಮ ಜೀಪಿಗೂ ಹಚ್ಚಿ" ಅಂದರು. ಅಜ್ಜಿ ಸಮಾಧಾನವಾಗಿ ಹೋದಳು.

ಆಮೇಲೆ ಮಾಗಡಿಯದು.

ಒಬ್ಬ ಗಟ್ಟಿಮುಟ್ಟಾದ ಆಳಿಗೆ ಕರುಳಿನ ಆಪರೇಷನ್. ನಿದ್ದೆಗೆ ಹಾಕುವ ಮುಂಚೆ ಹೊಟ್ಟೆ ಖಾಲಿಯಿರಬೇಕು. ಇಲ್ಲದಿದ್ದರೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿಯುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಹಿಂದಿನ ಸಂಜೆಯೇ ಸಿಸ್ಟರು ಹೇಳಿದ್ದರು. ಮೇಡಂ ಬೆಳಿಗ್ಗೆ ಮತ್ತೆ ಕೇಳಿದರು. "ಏನಾದರೂ ತಿಂದಿದ್ದೀರಾ?" ಅವನು ಇಲ್ಲ ಅಂದ. ಅವನ ತಾಯಿ, "ತೊಟ್ಟು ನೀರೂ ಕೊಟ್ಟಿಲ್ಲ ಕನವ್ವ" ಅಂದಳು.

ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೇಡಂ ಕೂಗಿದ್ದು ಕೇಳಿಸಿತು. ಆ ಹೆಂಗಸಿನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ತಲೆ ಕೆಳಗೆ ಮಾಡಿ, ಟೇಬಲ್ ಇಳಿಸಿ, ಬೇಗ." ಆಮೇಲೆ ಓಡಾಟ, ಪಾತ್ರೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಕಾರಿಡಾರಿನಲ್ಲಿ ತಾಯಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಬಹಳ ಹೊತ್ತಿನ ಮೇಲೆ ಮೇಡಂ ಹೊರಗೆ ಬಂದರು. ಸೀರೆಯ ತುಂಬ ಪುಳಿಯೋಗರೆ. "ಉಳಿದಿದ್ದಾರೆ" ಅಂದರು. ಹಿಂದೆಯೇ ಬಂದ ಆಪರೇಷನ್ ಡಾಕ್ಟರು ತಾಯಿಯ ಮೇಲೆ ಹರಿಹಾಯ್ದರು. "ಸುಳ್ಳು ಹೇಳ್ತೀಯೇನಮ್ಮ? ನಿನ್ನ ಮಗನ ಜೀವ ಹೋಗ್ತಿತ್ತು."

ಆ ತಾಯಿ, "ನಾನ್ಯಾಕ್ ಸುಳ್ಳೇಳ್ಲಿ ಸಾ? ಊಟ ಕೊಟ್ಟಿಲ್ಲ. ಕತ್ಲಲ್ಲೇ ದೇವ್ರತಕ್ಕೆ ಹೋಗಿದ್ದೆ. ಬರಿಗೈಲಿ ಕುಯ್ಯೋ ರೂಮಿಗೆ ಕಳಿಸಾಕಾಯ್ತದಾ? ಪ್ರಸಾದ ಬಾಯ್ಗಾಕಿ ಕಳಿಸ್ದೆ. ದೇವ್ರ ಪ್ರಸಾದ ತಿಂದ್ರೆ ತಿಂದಂಗಾಯ್ತದಾ?" ಅಂದಳು.

ಮೇಡಂ ಆ ಕೊಳಕು ಸೀರೆಯಲ್ಲೇ ಅವಳ ಪಕ್ಕ ಬೆಂಚಿನ ಮೇಲೆ ಕೂತರು. "ನೀವು ಸುಳ್ಳು ಹೇಳಲಿಲ್ಲ ಬಿಡಿ. ನಾನು ಕೇಳಬೇಕಾದ್ದು ಕೇಳಲಿಲ್ಲ" ಅಂದರು.

ಆವತ್ತಿನಿಂದ ಅವರ ಪ್ರಶ್ನೆ ಬದಲಾಯಿತು. ತಿಂದಿರಾ, ಕುಡಿದಿರಾ ಎಂದು ಕೇಳಿದ ಮೇಲೆ, ಮನೆಯವರ ಕಡೆ ತಿರುಗಿ, "ಬೆಳಿಗ್ಗೆ ಯಾವ ದೇವರಿಗೆ ಹೋಗಿದ್ದಿರಿ? ಏನು ಪ್ರಸಾದ ಕೊಟ್ಟರು?" ಎಂದು ನೆಂಟರನ್ನು ಮಾತಾಡಿಸುವ ಹಾಗೆ ಕೇಳುವರು. ಜನ ಸಂತೋಷವಾಗಿ ಹೇಳುವರು. "ಪೊಂಗಲು ಕನವ್ವ, ದ್ರಾಕ್ಷಿ ಗೋಡಂಬಿ ಹಾಕಿದ್ರು." ಅಲ್ಲಿಗೆ ಆವತ್ತಿನ ಆಪರೇಷನ್ ಮುಂದಕ್ಕೆ. ಪೆಟ್ಟಿಗೆ ಬಿಗಿದು ವಾಪಸು.

ಒಂದು ಸಲ ನಾನು ಗೊಣಗಿದೆ. "ಒಂದ್ ತುತ್ತು ಪೊಂಗಲಿಗೆ ಇಷ್ಟ್ ಡೀಸೆಲ್ಲಾ ಮೇಡಂ?"

"ಡೀಸೆಲ್ ಮತ್ತೆ ಹಾಕಿಸಬಹುದು ಬೋರಯ್ಯ" ಎಂದು ಸೆರಗು ಹೊದ್ದುಕೊಂಡರು.

ಈ ಕಥೆ ಮುಗಿದಾಗ ಕೂಸು ಮೊಣಕಾಲ ಮೇಲೆ ಗದ್ದ ಇಟ್ಟುಕೊಂಡು ಕೂತಿತ್ತು. ನಾನು ಅದಕ್ಕೆ ಬೇಜಾರಾಯಿತೇನೋ ಎಂದು ನಗಿಸಲು ರೈಲ್ವೆ ಗೇಟಿನ ಕಥೆ ತೆಗೆದೆ.

ಚನ್ನಪಟ್ಟಣದಲ್ಲಿ ಹರ್ನಿಯಾ ಆಪರೇಷನ್ ಇತ್ತು. ಅವಸರದ್ದಲ್ಲ, ಮೊದಲೇ ದಿನ ಗೊತ್ತುಮಾಡಿದ್ದು. ದಾರಿಯಲ್ಲಿ ಗೇಟು ಹಾಕಿತ್ತು. ಮೇಡಂ ನನಗೆ ಹೇಳದೆ ಹಿಂದಿನಿಂದ ಇಳಿದು ಸೌತೆಕಾಯಿ ಮಾರುವವಳ ಹತ್ತಿರ ಹೋಗಿದ್ದಾರೆ. ರೈಲು ಹೋಯಿತು, ಗೇಟು ಎದ್ದಿತು, ಹಿಂದಿನ ಲಾರಿಗಳು ಹಾರನ್ನು ಹೊಡೆದವು. ಮುಂದಿನ ಸೀಟಿನಲ್ಲಿ ಪೆಟ್ಟಿಗೆ ಭದ್ರವಾಗಿತ್ತು. ಹಿಂದೆ ಎಂದಿನ ಹಾಗೆ ಸದ್ದಿಲ್ಲ. ಹೊರಟೆ.

ಆಸ್ಪತ್ರೆಯಲ್ಲಿ ಜೀಪು ನಿಲ್ಲಿಸಿ ಮೆಲ್ಲಗೆ, "ಮೇಡಂ, ಬಂತು" ಅಂದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಚಪ್ಪಲಿಯೂ ಇಲ್ಲ.

ಒಳಗೆ ಹೋಗಿ ಹೇಳಿದೆ. ಆಪರೇಷನ್ ಡಾಕ್ಟರು, ಅವರ ಅಸಿಸ್ಟೆಂಟು, ಇಬ್ಬರು ಸಿಸ್ಟರು ತೊಳೆದ ಕೈ ಎತ್ತಿಕೊಂಡು ನಿಂತಿದ್ದರು. ಏನನ್ನೂ ಮುಟ್ಟುವಂತಿಲ್ಲ, ಕೈ ಇಳಿಸುವಂತಿಲ್ಲ. ಡಾಕ್ಟರ ಮೂಗು ತುರಿಸಿತಂತೆ, ಅದಕ್ಕೂ ಆಯಾ ಬರಬೇಕಾಯಿತು. "ಏನಯ್ಯಾ ಬೋರಯ್ಯ, ಬರೀ ಪೆಟ್ಟಿಗೆ ತಂದಿದ್ದೀಯ?" ಅಂದರು. ಟೇಬಲ್ಲಿನ ಮೇಲೆ ಮಲಗಿದ್ದವನೊಬ್ಬನೇ ಆರಾಮಾಗಿದ್ದ. "ನಿಧಾನಕ್ಕೆ ಬರ್ಲಿ ಬುಡಿ ಸಾ, ನಂಗೇನ್ ಅರ್ಜೆಂಟಿಲ್ಲ" ಅಂದ. ನಾನು ವಾಪಸು ಓಡುವಷ್ಟರಲ್ಲಿ ರೇಷ್ಮೆ ಗೂಡಿನ ಒಂದು ಟೆಂಪೋ ಬಂದು ನಿಂತಿತು. ಮೂಟೆಗಳ ನಡುವಿನಿಂದ ಮೇಡಂ ಇಳಿದರು, ಕೈಯಲ್ಲಿ ಕಾಗದದ ಪೊಟ್ಟಣ. "ನಿಮಗೂ ಒಂದು ಸೌತೆಕಾಯಿ ತಂದಿದ್ದೀನಿ" ಅಂದರು. ಬೈಯಲಿಲ್ಲ. ಆಮೇಲೆ ನಾನು ಕೀಲಿ ತಿರುಗಿಸುವ ಮುಂಚೆ ಪ್ರತಿ ಸಲವೂ, "ಮೇಡಂ, ಇದ್ದೀರಾ?" ಎಂದು ಕೇಳುವುದೂ, ಅವರು ಹಿಂದಿನಿಂದ "ಇದ್ದೀನಿ ಬೋರಯ್ಯ" ಅನ್ನುವುದೂ ನಮ್ಮ ಪದ್ಧತಿಯಾಯಿತು.

ಈಗ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಮನೆಮನೆಗೂ ಬಂದಿದೆ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನಂಬರು ತೋರಿಸುತ್ತದೆ. ಆಗ ಅದೂ ಇರಲಿಲ್ಲ. ಮೇಡಂ ರೋಗಿಯ ತುಟಿಯ ಬಣ್ಣ, ಉಗುರಿನ ಬಣ್ಣ ನೋಡುತ್ತ, ನಾಡಿ ಹಿಡಿದು ಆಪರೇಷನ್ ಮುಗಿಯುವವರೆಗೂ ನಿಂತೇ ಇರುತ್ತಿದ್ದರು. ಕ್ಲಿಪ್ಪು ಬಂದ ಹೊಸದರಲ್ಲಿ ಮೊದಲು ನನ್ನ ಬೆರಳಿಗೇ ಹಾಕಿ ನೋಡಿದರು. "ಚೆನ್ನಾಗಿದೆ ಬೋರಯ್ಯ. ಬೀಡಿ ಬಿಟ್ಟರೆ ಇನ್ನೂ ಚೆನ್ನಾಗಿರುತ್ತೆ." ಆವತ್ತೇ ಬಿಟ್ಟೆ. ಕ್ಲಿಪ್ಪು ಬಂದ ಮೇಲೂ ಅವರು ನಾಡಿ ಹಿಡಿಯುವುದನ್ನು ಬಿಡಲಿಲ್ಲವಂತೆ.

ಇಷ್ಟಾಗುವಾಗ ಬಿಸಿಲು ಜಗಲಿಯಿಂದ ಇಳಿದಿತ್ತು. ಶಿವರಾಜು ಕೈ ತೊಳೆದು ಬಂದ. "ಐದಾಯ್ತು. ಈಗ ಹೇಳು ಮಗ, ಯಾವ್ದು?"

ಲಾವಣ್ಯ ನನ್ನ ಕಡೆ ತಿರುಗಿದಳು. "ತಾತ, ಮೂಳೆ ಡಾಕ್ಟ್ರ ಕತೇಲಿ ಮೇಕೆ ಹೆಸರು ಕೇಳಿದ್ದು ಯಾರು?"

"ಮೇಡಂ."

"ಕನಕಪುರಕ್ಕೆ ಕಾಫಿ ಬುಟ್ಟು ಬಂದಿದ್ದು?"

"ಮೇಡಂ."

"ಸ್ಕ್ಯಾನಿಂಗ್ ಅಜ್ಜೀನ ಸಮಾಧಾನ ಮಾಡಿದ್ದು?"

"ಅದೂ ಮೇಡಂ" ಅಂದೆ ಮೆಲ್ಲಗೆ.

"ಎಲ್ಲಾ ಡಾಕ್ಟ್ರ ಕತೆ ಹೇಳ್ತೀನಿ ಅಂದೆ. ನೀನು ಹೇಳಿದ್ದೆಲ್ಲಾ ಒಬ್ರುದೇ ಕತೆ."

"ಅವರು ಗಾಡೀಲಿ ಇದ್ದೇ ಇರ್ತಿದ್ರಲ್ಲ ಮಗ, ಅದಕ್ಕೆ ಬಂದವ್ರೆ. ಅದ್ರಲ್ಲೇನು?" ಅಂದೆ. ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಅಷ್ಟು ವರ್ಷ ಆ ಹೆಂಗಸನ್ನು ಹಿಂದೆ ಕೂರಿಸಿಕೊಂಡು ಓಡಿಸಿದ್ದೇನೆ. ಮುಂದೆ ಕಂಡವರನ್ನೆಲ್ಲ ಹೊಗಳಿದ್ದೇನೆ.

ಕೂಸು ನಿಧಾನವಾಗಿ ಹೇಳಿತು. "ನಂಗೆ ಆ ಕೆಲಸ ಹೌಸ್ ಸರ್ಜನ್ಸೀಲೇ ಹಿಡ್ಸಿತ್ತು. ಎಲ್ರೂ ಗಾಯ ನೋಡ್ತಾ ಇರ್ತಾರೆ, ಅವರೊಬ್ರು ಮನುಷ್ಯನ್ನ ನೋಡ್ತಾ ಇರ್ತಾರೆ. ಆದ್ರೆ ಹೇಳಾಕೆ ಹೆದರಿಕೆ. ಮನೇಲೆಲ್ಲಾ ಬೋರ್ಡು, ಹೆಸರು ಅಂತ ಆಸೆ ಇಟ್ಕೊಂಡಿದ್ದೀರ. ಇದು ಹೆಸರಿಲ್ಲದ ಕೆಲಸ."

ಶಿವರಾಜು ಕಂಬಕ್ಕೆ ಒರಗಿದ. ಅವನ ಮುಖ ಸಣ್ಣಗಾಗಿದ್ದು ಕಂಡಿತು. "ಮತ್ತು ಕೊಡಾಕೆ ಅಂತ ಅಂಗಡಿ ಬೋರ್ಡು ಹಾಕಾಕಾಯ್ತದಾ ಮಗ?"

"ಆಗಲ್ಲಪ್ಪ. ಆದ್ರೆ ಕತ್ತಿ ಹಿಡಿಯೋರು ಇರೋ ಕಡೆಯೆಲ್ಲ ನನ್ನ ಕಾಯ್ತಾ ಕೈ ಎತ್ಕೊಂಡು ನಿಂತಿರ್ತಾರೆ."

ನಿಂಗಮ್ಮ ಅವರೆಕಾಯಿ ಬಿಟ್ಟು, "ಒಬ್ಬಟ್ಟು ಯಾರವ್ವ ತಂದ್ಕೊಡ್ತಾರೆ ನಿಂಗೆ?" ಅಂದಳು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು.

ಎಲ್ಲರೂ ನನ್ನನ್ನು ನೋಡಿದರು. ಮೂಳೆ ಡಾಕ್ಟರಾಗು ಎಂದು ಇನ್ನೊಂದು ಸಲ ಅಂದಿದ್ದರೆ ಕೂಸು ಬಹುಶಃ ಅದನ್ನೇ ತುಂಬುತ್ತಿತ್ತು, ಅಷ್ಟು ಮಾತು ಕೇಳುವ ಮಗು. ನನ್ನ ಬಾಯಿಂದ ಬಂದದ್ದು ಬೇರೆ.

"ಹಿಂದಿನ ಸೀಟಿಗೆ ಹತ್ತು ಮಗ. ಮೇಡಂ ಇದ್ದೀರಾ ಅಂತ ಕೇಳಾಕೆ ನಾನಿದ್ದೀನಿ" ಅಂದೆ.

ಶಿವರಾಜು ಒಳಗೆ ಹೋದ. ಸಿಟ್ಟು ಬಂತೇನೋ ಅಂದುಕೊಂಡೆವು. ಲ್ಯಾಪ್‌ಟಾಪು ಎತ್ತಿಕೊಂಡು ಬಂದು ಅವಳ ಮುಂದೆ ಇಟ್ಟ. "ಕರೆಂಟು ಹೋಗೋದ್ರೊಳಗೆ ಮಾಡು" ಅಂದ. ಲಾವಣ್ಯ ಅರಿವಳಿಕೆಯನ್ನು ಎಲ್ಲಕ್ಕಿಂತ ಮೇಲೆ ತುಂಬಿದಳು. ಆಮೇಲೆ ತಣ್ಣಗಾದ ಮುದ್ದೆಯನ್ನು ಪೂರ್ತಿ ಉಂಡಳು. ನನಗೆ ಅದೇ ಹಬ್ಬ.

ಸೀಟು ಸಿಕ್ಕಿತು, ಸೇರಿಯೂ ಆಯಿತು. ಮೊನ್ನೆ ಭಾನುವಾರ ಬೆಳಿಗ್ಗೆ ಫೋನು ಬಂತು. ನಿಂಗಮ್ಮನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ತಾತ, ಈ ವಾರ ಚನ್ನಪಟ್ಟಣ ಕಡೆಯೋರು ಒಬ್ರು ಪೇಷೆಂಟು ಬಂದಿದ್ರು, ಪಿತ್ತಕೋಶದ ಆಪರೇಷನ್ನಿಗೆ. ಏನೂ ತಿಂದಿಲ್ಲ ಅಂದ್ರು. ಬರೆದಿದ್ದೂ ಹಂಗೇ ಇತ್ತು. ಒಳಗೆ ಕಳಿಸ್ಬೇಕು, ಅಷ್ಟ್ರಲ್ಲಿ ಅವರ ಯಜಮಾನ್ರನ್ನ ಕೇಳ್ದೆ, ಬೆಳಿಗ್ಗೆ ಯಾವ ದೇವ್ರಿಗೆ ಹೋಗಿದ್ರಿ, ಏನ್ ಪ್ರಸಾದ ಕೊಟ್ರು ಅಂತ."

"ಏನಂದ್ರು?"

"ಮುಖ ಅರಳಿಸ್ಕೊಂಡು ಹೇಳಿದ್ರು ತಾತ, ಮನೆದೇವ್ರ ಹತ್ರ ಎಡೆ ಇಟ್ಟಿದ್ದ ಕಜ್ಜಾಯ, ಈಗ ತಾನೆ ಎರಡು ತಿನ್ಸಿದೆ ಅಂತ. ನಮ್ಮ ದೊಡ್ಡ ಡಾಕ್ಟ್ರಿಗೆ ಹೇಳ್ದೆ. ಆಪರೇಷನ್ ಮಾರನೇ ದಿನಕ್ಕೆ ಹಾಕಿದ್ರು. 'ಈ ಪ್ರಶ್ನೆ ಯಾರು ಕಲಿಸಿದ್ದು' ಅಂದ್ರು. 'ನಮ್ ತಾತನ ಜೀಪಿನಲ್ಲಿ ಬರ್ತಿದ್ದ ಮೇಡಂ' ಅಂದೆ."

ನಾನು ಎದ್ದು ನಿಂತುಬಿಟ್ಟಿದ್ದೆ. ಯಾಕೆ ನಿಂತೆನೋ ಗೊತ್ತಿಲ್ಲ. "ಆಮೇಲೆ?"

"ಆ ಯಜಮಾನ್ರು ನಂಗೆ ಚೆನ್ನಾಗಿ ಬೈದ್ರು. ಮಾರನೇ ದಿನ ಎಲ್ಲಾ ಸಲೀಸಾಗಿ ಆಯ್ತು. ಇವತ್ತು ಡಿಸ್ಚಾರ್ಜು. ಡಬ್ಬಿ ತುಂಬ ಕಜ್ಜಾಯ ತಂದಿದ್ರು. ಆಪರೇಷನ್ ಮಾಡಿದ ಸರ್‌ಗೆ ಕೊಟ್ರು, ಸಿಸ್ಟರ್‌ಗೆ ಕೊಟ್ರು, ಲಿಫ್ಟಿನವ್ರಿಗೂ ಕೊಟ್ರು. ನನ್ ಮುಂದೆ ಡಬ್ಬಿ ಹಂಗೇ ದಾಟ್ಕೊಂಡು ಹೋಯ್ತು."

"ನಿಂಗೆ?"

"ನಂಗಿಲ್ಲ ತಾತ." ಅವಳು ನಗುತ್ತಿದ್ದಳು. ಬಹುಮಾನ ಬಂದವರ ನಗು ಅದು.

"ಹಂಗಾದ್ರೆ ನೀನು ನಿಜವಾಗ್ಲೂ ಮತ್ತಿನ ಡಾಕ್ಟ್ರು ಆದೆ ಬುಡು ಮಗ" ಅಂದೆ. ಫೋನನ್ನು ಹಾಗೇ ಹಿಡಿದುಕೊಂಡು ಅವಳ ನಗು ಕೇಳಿದೆ.

ಮಾತು ಮುಗಿಸಿ ಒಳಗೆ ಹೋದಾಗ ನಿಂಗಮ್ಮ ಆಗಲೇ ಒಲೆಯ ಮೇಲೆ ಕಡಲೆಬೇಳೆ ಬೇಯಲು ಇಟ್ಟಿದ್ದಳು. ಅಚ್ಚು ಬೆಲ್ಲ ಜಜ್ಜುತ್ತಿದ್ದಳು. ಪಕ್ಕದಲ್ಲಿ ಎರಡು ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಒಂದು ಕೂಸಿಗೆ. ಇನ್ನೊಂದ್ಯಾರಿಗೆ?" ಎಂದು ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ನಿಮ್ ಜೀಪಿನೋರು ರಾಮನಗರದಾಗೆ ಇನ್ನೂ ಅವ್ರಲ್ಲ" ಅಂದಳು. "ತುಪ್ಪ ಕಮ್ಮಿ ಹಾಕ್ತೀನಿ."